ಕೃಷಿ ಶಿಕ್ಷಕರ ಸಮ್ಮೇಳನಕ್ಕೆ ದುಡ್ಡು, ದುಡಿಯುವ ಕೈ: ಧಾರವಾಡ ಸೀಮೆಯ ಸಂಘಟಕರಿಗೆ

ಪ್ರಾಯೋಜಕರಿಗೆ ಹೋಗುವ ಪತ್ರಗಳಲ್ಲಿ ಹೆಚ್ಚಿನವು 'ತನು-ಮನ-ಧನದಿಂದ ಸಹಕರಿಸಬೇಕಾಗಿ ವಿನಂತಿ' ಎಂದು ಮುಗಿಯುತ್ತವೆ. ಓದಿದವನಿಗೆ ಎಷ್ಟು ಕೊಡಬೇಕು, ಯಾವುದಕ್ಕೆ ಕೊಡಬೇಕು, ಯಾವ ತಾರೀಖಿನೊಳಗೆ ಕೊಡಬೇಕು ಎಂಬುದೇ ತಿಳಿಯುವುದಿಲ್ಲ. ಪತ್ರ ಮೇಜಿನ ಮೇಲೆ ಉಳಿಯುತ್ತದೆ. ವಿದ್ಯಾರ್ಥಿಗಳ ವಾಟ್ಸ್ಆ್ಯಪ್ ಗುಂಪಿನಲ್ಲಿ 'ಸ್ವಯಂಸೇವಕರು ಬೇಕಾಗಿದ್ದಾರೆ' ಎಂದು ಹಾಕಿದರೂ ಅದೇ ಕಥೆ: ಅರವತ್ತು ಹೆಬ್ಬೆಟ್ಟು ಬೀಳುತ್ತವೆ, ಬೆಳಿಗ್ಗೆ ಎಂಟಕ್ಕೆ ಹತ್ತು ಮಂದಿ ಬರುತ್ತಾರೆ. ಹಣವಾಗಲಿ ಜನವಾಗಲಿ, ಒಬ್ಬರನ್ನು ಒಂದು ಕೆಲಸಕ್ಕೆ ಮಾತ್ರ ಕೇಳಬೇಕು. ಆ ಕೆಲಸ ಮುಗಿದ ಮೇಲೆ ಅವರಿಗೆ ಲೆಕ್ಕ ಒಪ್ಪಿಸಬೇಕು.

ಇಲ್ಲಿನ ಲೆಕ್ಕವೆಲ್ಲ ಧಾರವಾಡದಲ್ಲಿ ಎರಡು ದಿನ ನಡೆಯುವ, 250 ಪ್ರತಿನಿಧಿಗಳ ಸಮ್ಮೇಳನದ್ದು. ಕೃಷಿ ವಿಶ್ವವಿದ್ಯಾಲಯದ ಅಧ್ಯಾಪಕರು, ಕೃಷಿ ವಿಜ್ಞಾನ ಕೇಂದ್ರಗಳ ವಿಜ್ಞಾನಿಗಳು, ಕೃಷಿ ಡಿಪ್ಲೊಮಾ ಬೋಧಕರು, ಇಲಾಖೆಯ ತರಬೇತುದಾರರು ಸೇರುವ ಸಭೆ ಎಂದುಕೊಳ್ಳಿ. ದರಗಳು ಲೆಕ್ಕದ ರೀತಿ ತೋರಿಸಲಷ್ಟೇ. ನಿಮ್ಮ ಅಡುಗೆಯವರು, ಮುದ್ರಕರು ಹೇಳುವ ದರವನ್ನು ಅಲ್ಲಿ ಹಾಕಿಕೊಳ್ಳಿ.

ಪತ್ರಕ್ಕಿಂತ ಮೊದಲು ಲೆಕ್ಕ

ಖರ್ಚನ್ನು ಎರಡು ಪಟ್ಟಿ ಮಾಡಿ. ಸಭಾಭವನ, ಊಟ, ಚಹಾ, ಧ್ವನಿವರ್ಧಕ, ಜನರೇಟರ್ ಮೊದಲ ಪಟ್ಟಿಗೆ. ಇವಿಲ್ಲದೆ ಸಮ್ಮೇಳನವೇ ಇಲ್ಲ. ಚೀಲ, ಪ್ರಬಂಧಗಳ ಸಾರಾಂಶ ಸಂಪುಟ, ಕ್ಷೇತ್ರ ಭೇಟಿಯ ಬಸ್ಸು, ಭಿತ್ತಿಪತ್ರ ಸ್ಪರ್ಧೆಯ ಬಹುಮಾನ, ಸಂಜೆಯ ಸಾಂಸ್ಕೃತಿಕ ಕಾರ್ಯಕ್ರಮ ಎರಡನೆಯದಕ್ಕೆ. ಮೊದಲ ಪಟ್ಟಿ ನೋಂದಣಿ ಶುಲ್ಕದಲ್ಲೇ ತೀರಬೇಕು, ಎರಡನೆಯದಕ್ಕೆ ಮಾತ್ರ ಪ್ರಾಯೋಜಕರು. ಕಾರಣ ಸರಳ. ದೊಡ್ಡ ಕಂಪನಿ ಇಂದು 'ಹೂಂ' ಅಂದರೂ ಹಣ ಬರುವುದು ಸಮ್ಮೇಳನ ಮುಗಿದು ತಿಂಗಳು, ಎರಡು ತಿಂಗಳಾದ ಮೇಲೆ. ಅವರಲ್ಲಿ ನಿಮ್ಮ ಸಂಘವನ್ನು ವೆಂಡರ್ ಎಂದು ನೋಂದಾಯಿಸಬೇಕು, ಪರ್ಚೇಸ್ ಆರ್ಡರ್ ಬರಬೇಕು, ಬಿಲ್ಲು ಮುಂಬೈಗೋ ಹೈದರಾಬಾದಿಗೋ ಹೋಗಬೇಕು. ಅಡುಗೆಯವರು ಅಷ್ಟು ದಿನ ಕಾಯುವುದಿಲ್ಲ. ಪ್ರಾಯೋಜಕರನ್ನು ನಂಬಿ ಊಟ ಹೇಳಿದವರು ಕೊನೆಯ ವಾರ ಪದಾಧಿಕಾರಿಗಳ ಕಿಸೆಯಿಂದ ಮುಂಗಡ ಕೊಡುತ್ತಾರೆ, ಮುಂದೆ ಅದೇ ಸಂಘದೊಳಗಿನ ಜಗಳವಾಗುತ್ತದೆ.

ಊಟದ ಎಲೆ ಎಣಿಸುವಾಗ ಪ್ರತಿನಿಧಿಗಳು 250, ಸ್ವಯಂಸೇವಕರು 45, ಅತಿಥಿಗಳು 20, ಜೊತೆಗೆ ಚಾಲಕರು, ವಿದ್ಯುತ್ ಮತ್ತು ಧ್ವನಿಯವರು 15, ಒಟ್ಟು 330. ಕೊನೆಯ ಹದಿನೈದನ್ನು ಎಲ್ಲರೂ ಮರೆಯುತ್ತಾರೆ. ಎಲೆಗೆ 200 ರೂಪಾಯಿ ಹಿಡಿದರೆ ಒಂದು ಹೊತ್ತಿನ ಊಟ 66,000. ಚಹಾ ನಾಲ್ಕು ಸಲ, ಸಲಕ್ಕೆ 20ರಂತೆ 26,400. ಚೀಲ 280, ತಲಾ 150ರಂತೆ 42,000. ಸಾರಾಂಶ ಸಂಪುಟ 300 ಪ್ರತಿ, ತಲಾ 200ರಂತೆ 60,000. ಈಗ ನಿಮ್ಮ ಕೈಯಲ್ಲಿ ಚೀಲ, ಸಂಪುಟದಂಥ ಕೇಳಬಹುದಾದ ವಸ್ತುಗಳಿವೆ. 'ಗೋಲ್ಡ್ ಪ್ರಾಯೋಜಕತ್ವ ಒಂದು ಲಕ್ಷ' ಅಂದರೆ ರಾಣೆಬೆನ್ನೂರಿನ ಬೀಜದ ವ್ಯಾಪಾರಿಗೆ ಏನೂ ಕಾಣುವುದಿಲ್ಲ. 'ಎಲ್ಲ 280 ಚೀಲದ ಮೇಲೆ ನಿಮ್ಮ ಹೆಸರು, 42,000' ಅಂದರೆ ಚೀಲ ಕಣ್ಣ ಮುಂದೆ ಬರುತ್ತದೆ. ಪ್ಲಾಟಿನಂ, ಗೋಲ್ಡ್, ಸಿಲ್ವರ್ ಎಂಬ ಮೆಟ್ಟಿಲುಗಳು ಬೆಂಗಳೂರಿನ ಕಾರ್ಪೊರೇಟ್ ಕಚೇರಿಗೆ ಕಳಿಸುವ ಪತ್ರದಲ್ಲಿರಲಿ, ಅಲ್ಲಿ ಅವರ ಫಾರಂನಲ್ಲೇ ಆ ಕಾಲಂ ಇರುತ್ತದೆ.

ಯಾವ ತಿಂಗಳು

ಈ ಸೀಮೆಯಲ್ಲಿ ಕೃಷಿಯವರ ಸಭೆಗೆ ಒಳ್ಳೆಯ ಕಾಲ ನವೆಂಬರ್ ನಡುವಿನಿಂದ ಜನವರಿಯವರೆಗೆ. ಜೂನ್-ಜುಲೈ ಮುಂಗಾರು ಬಿತ್ತನೆ. ಆಗ ಬೀಜ, ಗೊಬ್ಬರ ಕಂಪನಿಗಳ ಒಬ್ಬ ಅಧಿಕಾರಿಯೂ ಫೋನ್ ಎತ್ತುವುದಿಲ್ಲ. ಸೆಪ್ಟೆಂಬರ್ ಸುತ್ತ ಧಾರವಾಡದ ಕೃಷಿ ಮೇಳ. ಕಂಪನಿಗಳ ಮಳಿಗೆ ಹಣವೂ ವಿಶ್ವವಿದ್ಯಾಲಯದ ಸಿಬ್ಬಂದಿಯ ಶಕ್ತಿಯೂ ಅದಕ್ಕೆ ಹೋಗುತ್ತವೆ. ಮೇಳದ ಹಿಂದೆ-ಮುಂದೆ ಒಂದು ತಿಂಗಳು ಬೇರೆ ಏನನ್ನೂ ಇಟ್ಟುಕೊಳ್ಳಬೇಡಿ. ಅಲ್ಲಿಂದಾಚೆಗೆ ಹಿಂಗಾರು ಜೋಳ, ಕಡಲೆ, ಕುಸುಬೆ ಬಿತ್ತನೆ. ಫೆಬ್ರುವರಿ-ಮಾರ್ಚ್ ಬಂತೆಂದರೆ ಬ್ಯಾಡಗಿ ಮಾರುಕಟ್ಟೆ ಮೆಣಸಿನಕಾಯಿಯಿಂದ ತುಂಬಿರುತ್ತದೆ, ಬ್ಯಾಂಕುಗಳು ವರ್ಷದ ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿರುತ್ತವೆ.

ಡಿಸೆಂಬರ್ ಸಮ್ಮೇಳನಕ್ಕೆ ಕೇಳುವ ಕೆಲಸ ಏಪ್ರಿಲ್-ಮೇನಲ್ಲೇ ಶುರುವಾಗಬೇಕು. ಕಂಪನಿಗಳ ಪ್ರಚಾರ ಬಜೆಟ್ಟು ಹಣಕಾಸು ವರ್ಷದ ಮೊದಲ ತಿಂಗಳುಗಳಲ್ಲಿ ಹಂಚಿಕೆಯಾಗುತ್ತದೆ. ಅಕ್ಟೋಬರಿನಲ್ಲಿ ಕೇಳಿದವರಿಗೆ ಸಿಗುವುದು ಉಳಿದ ಚಿಲ್ಲರೆ. ನಬಾರ್ಡ್, ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ವಿಚಾರ ಸಂಕಿರಣಗಳಿಗೆ ನೆರವು ಕೊಡುತ್ತವೆ. ಆದರೆ ಅರ್ಜಿ ನಿಗದಿತ ನಮೂನೆಯಲ್ಲಿ, ಬಹಳ ಮುಂಚೆ ಹೋಗಬೇಕು, ಹಣ ಬಳಸಿದ ಪ್ರಮಾಣಪತ್ರ ಆಮೇಲೆ ಕೊಡಬೇಕು. ನಬಾರ್ಡಿಗೆ ಬರೆಯುವ ಮೊದಲು ನಿಮ್ಮ ಜಿಲ್ಲೆಯ ಅಭಿವೃದ್ಧಿ ವ್ಯವಸ್ಥಾಪಕರನ್ನು ಮುಖತಃ ಕಾಣಿ. ವಿಷಯ ಅವರ ಈ ವರ್ಷದ ಆದ್ಯತೆಗೆ ಹೊಂದುತ್ತದೋ ಇಲ್ಲವೋ ಹತ್ತು ನಿಮಿಷದಲ್ಲಿ ತಿಳಿಯುತ್ತದೆ.

ಯಾರ ಬಾಗಿಲು ಬಡಿಯಬೇಕು

ಪ್ರಾಯೋಜಕರಿಗೆ ಈ ಸಭೆಯಿಂದ ಏನು ಸಿಗುತ್ತದೆ ಎಂಬುದು ಮೊದಲು ನಿಮಗೇ ಸ್ಪಷ್ಟವಿರಲಿ. ಇದು ರೈತರ ಮೇಳವಲ್ಲ, ಇಲ್ಲಿ ಒಂದು ಚೀಲ ಗೊಬ್ಬರವೂ ಮಾರಾಟವಾಗುವುದಿಲ್ಲ. ಆದರೆ ನಾಳೆ ಕಂಪನಿಯ ಕ್ಷೇತ್ರಾಧಿಕಾರಿ, ಬ್ಯಾಂಕಿನ ಕೃಷಿ ಅಧಿಕಾರಿ, ಅಂಗಡಿಯ ಮಾಲೀಕ ಆಗುವ ಹುಡುಗ-ಹುಡುಗಿಯರಿಗೆ ಪಾಠ ಹೇಳುವವರು ಇಲ್ಲಿ ಕೂತಿರುತ್ತಾರೆ. ಮಾತು ಅಲ್ಲಿಂದ ಶುರುವಾಗಲಿ.

ಹುಬ್ಬಳ್ಳಿಯಲ್ಲಿ ಟ್ರ್ಯಾಕ್ಟರ್, ಪಂಪ್‌ಸೆಟ್, ಹನಿ ನೀರಾವರಿ ವಿತರಕರು, ಅಮರಗೋಳ ಎಪಿಎಂಸಿಯ ವರ್ತಕರು ಇದ್ದಾರೆ. ಹಾವೇರಿ ಜಿಲ್ಲೆಯಲ್ಲಿ ರಾಣೆಬೆನ್ನೂರಿನ ಬೀಜೋತ್ಪಾದಕರು, ಬ್ಯಾಡಗಿಯ ಮೆಣಸಿನಕಾಯಿ ವರ್ತಕರು ಮತ್ತು ಶೀತಲ ಗೃಹದವರು. ಗದಗದ ಕಡೆ ಹತ್ತಿ, ಎಣ್ಣೆ ಮಿಲ್ಲಿನವರು. ಕೃಷಿ ಪರಿಕರ ಮಾರಾಟಗಾರರಲ್ಲಿ 'ದೇಸಿ' (DAESI, ಪರಿಕರ ಮಾರಾಟಗಾರರಿಗೆಂದೇ ಇರುವ ಕೃಷಿ ವಿಸ್ತರಣಾ ಡಿಪ್ಲೊಮಾ) ಮುಗಿಸಿದವರ ಪಟ್ಟಿ ಸಿಕ್ಕರೆ ಬಿಡಬೇಡಿ. ವಾರಕ್ಕೊಂದು ತರಗತಿಯಂತೆ 48 ವಾರ ಪಾಠ ಕೇಳಿದವರು ಅವರು, ಹೇಳಿಕೊಟ್ಟ ಮೇಷ್ಟ್ರುಗಳ ಸಭೆಗೆ ಇಲ್ಲವೆನ್ನುವುದು ಕಡಿಮೆ. ಧಾರವಾಡ ಹಾಲು ಒಕ್ಕೂಟವನ್ನು ಹಣಕ್ಕಿಂತ ಮಜ್ಜಿಗೆ, ಪೇಢೆಗೆ ಕೇಳುವುದು ಸುಲಭ. ವಸ್ತುವಿನ ರೂಪದ ನೆರವು ಹಣಕ್ಕಿಂತ ಬೇಗ ಮಂಜೂರಾಗುತ್ತದೆ.

ಹಳೆಯ ವಿಳಾಸ ಪಟ್ಟಿ ಇಟ್ಟುಕೊಂಡವರು ಒಂದು ತಿದ್ದುಪಡಿ ಮಾಡಿಕೊಳ್ಳಬೇಕು. ಧಾರವಾಡದಲ್ಲಿ ಪ್ರಧಾನ ಕಚೇರಿ ಇದ್ದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿದೆ, ಈಗ ಪ್ರಧಾನ ಕಚೇರಿ ಬಳ್ಳಾರಿ. ಹಳೆಯ ಅಧ್ಯಕ್ಷರ ಹೆಸರಿಗೆ ಪತ್ರ ಹಾಕಿದರೆ ಸಂಘದವರು ಪತ್ರಿಕೆಯನ್ನೂ ಓದುವುದಿಲ್ಲ ಎಂದಾಗುತ್ತದೆ.

ಸಿಎಸ್ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ನಿಧಿಯ ಆಸೆ ಬಿಡುವುದು ಒಳ್ಳೆಯದು. ಕಂಪನಿ ಕಾಯ್ದೆ 2013ರ 135ನೇ ಕಲಮಿನಂತೆ ದೊಡ್ಡ ಕಂಪನಿಗಳು ಹಿಂದಿನ 3 ವರ್ಷಗಳ ಸರಾಸರಿ ಲಾಭದ ಶೇ 2ರಷ್ಟನ್ನು ಖರ್ಚು ಮಾಡಬೇಕು, ನಿಜ. ಆದರೆ ಒಮ್ಮೆ ನಡೆದು ಮುಗಿಯುವ ಕಾರ್ಯಕ್ರಮಗಳು ಅದರಲ್ಲಿ ಸೇರವು ಎಂದು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ 2014ರಲ್ಲೇ ಸುತ್ತೋಲೆ ಹೊರಡಿಸಿತ್ತು. ತನ್ನ ಸರಕಿನ ಪ್ರಚಾರಕ್ಕಾಗಿ ಮಾಡಿದ ಪ್ರಾಯೋಜನೆಯೂ ಸೇರದು. ಆದ್ದರಿಂದ ಸಿಎಸ್ಆರ್ ಮುಖ್ಯಸ್ಥರಿಗೆ ಹೋದ ಪತ್ರ ಅಲ್ಲೇ ಸಾಯುತ್ತದೆ. ಮಾರುಕಟ್ಟೆ ವಿಭಾಗಕ್ಕೆ ಬರೆಯಿರಿ.

ಪತ್ರ, ಫೋನು, ಭೇಟಿ

ಪತ್ರ ಒಂದೇ ಪುಟ. ಸ್ಥಳೀಯರಿಗೆ ಕನ್ನಡದಲ್ಲಿ, ಹೊರರಾಜ್ಯದ ಕಚೇರಿಗೆ ಇಂಗ್ಲಿಷಿನಲ್ಲಿ. ಮೈಯಲ್ಲಿ ಇಷ್ಟಿದ್ದರೆ ಸಾಕು:

'ಮಾನ್ಯರೇ, ಡಿಸೆಂಬರ್ 12 ಮತ್ತು 13ರಂದು ಧಾರವಾಡದಲ್ಲಿ ಕೃಷಿ ಶಿಕ್ಷಕರ ಸಮ್ಮೇಳನ ನಡೆಯಲಿದೆ. ನಾಲ್ಕು ಜಿಲ್ಲೆಗಳ 250 ಅಧ್ಯಾಪಕರು, ವಿಜ್ಞಾನಿಗಳು ಭಾಗವಹಿಸುತ್ತಾರೆ. ಪ್ರತಿನಿಧಿಗಳಿಗೆ ಕೊಡುವ 280 ಖಾದಿ ಚೀಲಗಳ ವೆಚ್ಚ ರೂ. 42,000ವನ್ನು ತಮ್ಮ ಸಂಸ್ಥೆ ವಹಿಸಿಕೊಳ್ಳಬೇಕೆಂದು ಕೋರುತ್ತೇವೆ. ಚೀಲದ ಒಂದು ಬದಿಗೆ ತಮ್ಮ ಚಿಹ್ನೆ ಇರುತ್ತದೆ. ಒಂದು ಮಳಿಗೆ, ಇಬ್ಬರಿಗೆ ಪ್ರವೇಶ, ಸಾರಾಂಶ ಸಂಪುಟದಲ್ಲಿ ಅರ್ಧ ಪುಟ ಕೊಡುತ್ತೇವೆ. ಚೀಲ ಹೊಲಿಯಲು ಕೊಡಬೇಕಾದ್ದರಿಂದ ಅಕ್ಟೋಬರ್ 15ರೊಳಗೆ ತಮ್ಮ ಒಪ್ಪಿಗೆ ಬೇಕು.'

ಕೊನೆಯ ವಾಕ್ಯವೇ ಪತ್ರದ ಜೀವ. ಗಡುವಿಗೆ ಕಾರಣ ಇದ್ದಾಗ ಮಾತ್ರ ಜನ ಅದನ್ನು ನಂಬುತ್ತಾರೆ. ಇದರ ಜೊತೆ ಸಂಘದ ನೋಂದಣಿ ಪ್ರಮಾಣಪತ್ರ, ಪ್ಯಾನ್, ರದ್ದು ಮಾಡಿದ ಚೆಕ್ಕು, ಇದ್ದರೆ ಜಿಎಸ್‌ಟಿ ಸಂಖ್ಯೆ, ಹಿಂದಿನ ವರ್ಷದ ಲೆಕ್ಕಪತ್ರ ಒಂದೇ ಪಿಡಿಎಫ್ ಆಗಿ ಸಿದ್ಧವಿರಲಿ. ಒಂದೊಂದಾಗಿ ಕಳಿಸುತ್ತ ಹೋದರೆ ಎರಡು ವಾರ ಅದರಲ್ಲೇ ಹೋಗುತ್ತದೆ.

ಪತ್ರ ತಲುಪಿದ ಮೂರನೆಯ ದಿನ ಫೋನು, ಅದೇ ವಾರ ಭೇಟಿ. ಮಾರುಕಟ್ಟೆ ವರ್ತಕರ ಹತ್ತಿರ ಟೆಂಡರ್ ದಿನ ಹೋಗಬೇಡಿ, ಅಮಾವಾಸ್ಯೆಯಂದು ಹೊಸ ಮಾತು ಎತ್ತಬೇಡಿ. ಇಬ್ಬರೇ ಹೋಗಿ: ಒಬ್ಬರು ಹಿರಿಯ ಅಧ್ಯಾಪಕರು, ಇನ್ನೊಬ್ಬರು ಲೆಕ್ಕ ಬಲ್ಲವರು. ಐದಾರು ಮಂದಿ ನುಗ್ಗಿದರೆ ಪಟ್ಟಿ ಎತ್ತಲು ಬಂದಂತೆ ಕಾಣುತ್ತದೆ. 'ಸಾವ್ಕಾರ್ರ, ಕ್ಷೇತ್ರ ಭೇಟಿಯ ಬಸ್ಸು ನಿಮ್ಮ ಹೆಸರಿಗೆ ಬರ್ಕೋಳ್ಲೇನ್ರಿ?' ಎಂದು ನೇರ ಕೇಳಿ. ಉತ್ತರ 'ನೋಡೂಣ್ರಿ' ಎಂದು ಬಂದರೆ ಅದು ಹೌದಲ್ಲ, ಬಹಳ ಸಲ ಮರ್ಯಾದೆಯ ಇಲ್ಲ. 'ಯಾರ್ಗೆ ಚೆಕ್ ಬರೀಬೇಕ್ರಿ?' ಎಂದರೆ ಮಾತ್ರ ಪಟ್ಟಿಯಲ್ಲಿ ಗುರುತು ಹಾಕಿ. 'ಮ್ಯಾಲಿನವ್ರಿಗೆ ಕಳಸ್ತೀನ್ರಿ' ಎನ್ನುವ ಏರಿಯಾ ಮ್ಯಾನೇಜರಿಗೆ ಎಷ್ಟರವರೆಗೆ ತಾವೇ ಮಂಜೂರು ಮಾಡಬಲ್ಲರು ಎಂದು ಕೇಳಿ. ಆ ಮೊತ್ತದೊಳಗಿನ ವಸ್ತುವೊಂದನ್ನು ಅಲ್ಲೇ ತೋರಿಸಿ. ದೊಡ್ಡದಕ್ಕೆ ಕಾದು ಎರಡೂ ಕಳೆದುಕೊಳ್ಳುವುದಕ್ಕಿಂತ ಇದು ಮೇಲು.

ಒಪ್ಪಿದವರಿಂದ ಇಮೇಲಿನಲ್ಲಿ ಎರಡು ಸಾಲಾದರೂ ಬರೆಸಿಕೊಳ್ಳಿ: ಮೊತ್ತ, ವಸ್ತು, ಹಣ ಕೊಡುವ ದಿನ.

ತೆರಿಗೆಯ ಗಂಟು

ದೇಣಿಗೆ ಬೇರೆ, ಪ್ರಾಯೋಜನೆ ಬೇರೆ. ಕೊಟ್ಟವರ ಹೆಸರನ್ನು ಕೃತಜ್ಞತೆಗಾಗಿ ಬರೆದು, ಅದರಲ್ಲಿ ವ್ಯಾಪಾರದ ಪ್ರಚಾರ ಇಲ್ಲದಿದ್ದರೆ ಜಿಎಸ್‌ಟಿ ಇಲ್ಲ ಎಂದು 2019ರ ಅಕ್ಟೋಬರ್ ಸುತ್ತೋಲೆ ಹೇಳುತ್ತದೆ. ಚಿಹ್ನೆ, ಮಳಿಗೆ, ಜಾಹೀರಾತು ಕೊಟ್ಟರೆ ಅದು ಪ್ರಾಯೋಜನೆ, ಶೇ 18 ತೆರಿಗೆಯ ವಿಷಯ. ಸಂಘಟಕರು ಬಾಡಿ ಕಾರ್ಪೊರೇಟ್ (ಕಂಪನಿಯಂತೆ ನಿಗಮಿತವಾದ ಸಂಸ್ಥೆ) ಅಲ್ಲದಿದ್ದು, ಪ್ರಾಯೋಜಕರು ಕಂಪನಿ ಅಥವಾ ಪಾಲುದಾರಿಕೆ ಸಂಸ್ಥೆಯಾಗಿದ್ದರೆ ರಿವರ್ಸ್ ಚಾರ್ಜ್ ಅಡಿ ಅವರೇ ಕಟ್ಟುತ್ತಾರೆ. ಸಂಘಟಕರೇ ಬಾಡಿ ಕಾರ್ಪೊರೇಟ್ ಆಗಿದ್ದರೆ 2025ರ ಜನವರಿ 16ರಿಂದ ಬಿಲ್ಲಿನಲ್ಲಿ ಹಾಕಿ ತಾವೇ ಕಟ್ಟಬೇಕು. ಹಣ ಸಂಘದ ಖಾತೆಗೋ ವಿಶ್ವವಿದ್ಯಾಲಯದ ಖಾತೆಗೋ ಎಂಬುದರ ಮೇಲೆ ಇದು ಬದಲಾಗಬಹುದು. ಪತ್ರ ಅಚ್ಚಾಗುವ ಮೊದಲೇ ಆಡಿಟರನ್ನು ಕೇಳಿ.

ಇನ್ನೊಂದು ಗೊಂದಲ: 50,000ಕ್ಕೆ ಒಪ್ಪಿದ ಕಂಪನಿ 49,000 ಹಾಕಿದರೆ ಮೋಸ ಮಾಡಿದೆ ಎಂದಲ್ಲ. ಪ್ರಾಯೋಜನೆಯನ್ನು ಜಾಹೀರಾತಿನ ಗುತ್ತಿಗೆ ಎಂದು ಹಿಡಿದು ಶೇ 2 ಟಿಡಿಎಸ್ (ಹಣ ಕೊಡುವಾಗಲೇ ಹಿಡಿಯುವ ಆದಾಯ ತೆರಿಗೆ) ಮುರಿದಿರುತ್ತಾರೆ. ಪ್ಯಾನ್ ಕೊಡದಿದ್ದರೆ ಶೇ 20 ಮುರಿಯುತ್ತಾರೆ. ಟಿಡಿಎಸ್ ಪ್ರಮಾಣಪತ್ರ ಕೇಳಿ ಪಡೆದು ಸಂಘದ ತೆರಿಗೆ ವಿವರದಲ್ಲಿ ತೋರಿಸಿ. ದೇಣಿಗೆಗೆ ತೆರಿಗೆ ವಿನಾಯಿತಿ ಕೊಡಿಸುವ ನೋಂದಣಿ (80ಜಿ) ಇರುವ ಸಂಘಗಳು ನೆನಪಿಡಬೇಕಾದ್ದು, 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟವರಿಗೆ ವಿನಾಯಿತಿ ಸಿಗುವುದಿಲ್ಲ.

ಎಲ್ಲಿ ಗೆರೆ ಎಳೆಯಬೇಕು

ತಾಂತ್ರಿಕ ಗೋಷ್ಠಿಯಲ್ಲಿ ಸರಕಿನ ಹೆಸರು ಹೇಳುವ ಭಾಷಣ ಬೇಡ. ಪ್ರಾಯೋಜಕರ ಮಾತಿಗೆ ಊಟವಾದ ಮೇಲೆ ಬೇರೆ ಅರ್ಧ ಗಂಟೆ ಇಡಿ, ತಲಾ ಐದು ನಿಮಿಷ. ಇದನ್ನು ಪತ್ರದಲ್ಲೇ ಬರೆದಿರಬೇಕು. ಆ ದಿನ ವೇದಿಕೆಯ ಕೆಳಗೆ ವಾದ ಮಾಡುತ್ತ ನಿಂತರೆ ಸೋಲುವವರು ನೀವೇ. ಮಳಿಗೆಗೆ ಬರುವ ಕೀಟನಾಶಕ, ಬೀಜ, ಗೊಬ್ಬರದವರ ಪರವಾನಗಿ ಪ್ರತಿ ಮೊದಲೇ ತರಿಸಿಕೊಳ್ಳಿ. ಕೃಷಿ ಶಿಕ್ಷಕರ ಸಭೆಯಲ್ಲೇ ಅನುಮತಿಯಿಲ್ಲದ ಬಾಟಲಿ ಕಂಡರೆ ಮರುದಿನದ ಸುದ್ದಿ ಅದೇ. ತಂಬಾಕು ಸರಕಿನ ಪ್ರಾಯೋಜನೆಗೆ 2003ರ ಕಾಯ್ದೆಯೇ ಅಡ್ಡ. ಗುಟ್ಖಾ ಹೆಸರನ್ನೇ ಹೊತ್ತ 'ಮೌತ್ ಫ್ರೆಶ್ನರ್' ಹಣವನ್ನೂ ದೂರವಿಡಿ. ಫ್ಲೆಕ್ಸ್ ರಾಜ್ಯದಲ್ಲಿ 2016ರಿಂದ ನಿಷಿದ್ಧ. ಪ್ರಾಯೋಜಕರೇ ತಂದರೂ ಕಟ್ಟಬೇಡಿ, ಬಟ್ಟೆಯ ಬ್ಯಾನರ್ ಬರೆಸಿ.

ಚಿಹ್ನೆಗಳ ಅನುಕ್ರಮಕ್ಕೂ ಜಗಳವಾಗುತ್ತದೆ. ಮೊತ್ತ ದೊಡ್ಡದಿದ್ದವರು ಮೊದಲು, ಸಮ ಇದ್ದರೆ ಹಣ ಮೊದಲು ಬಂದವರು ಮೊದಲು ಎಂಬ ನಿಯಮ ಬರೆದಿಡಿ. ಸನ್ಮಾನ ನಮ್ಮ ಕಡೆಯ ದೊಡ್ಡ ಸಮಯಭಕ್ಷಕ. ಇಪ್ಪತ್ತು ಪ್ರಾಯೋಜಕರಿಗೆ ಶಾಲು, ಹಾರ, ಫಲ-ತಾಂಬೂಲ ಎಂದು ತಲಾ ಎರಡು ನಿಮಿಷ ಹಿಡಿದರೂ ನಲವತ್ತು ನಿಮಿಷ. ಮುಖ್ಯ ಭಾಷಣಕಾರರಿಗೆ ಇಟ್ಟಿದ್ದೇ ನಲವತ್ತು. ವೇದಿಕೆಯ ಮೇಲೆ ಮೂವರಿಗೆ ಮಾತ್ರ, ಉಳಿದವರಿಗೆ ಅವರವರ ಮಳಿಗೆಗೇ ಅಧ್ಯಕ್ಷರು ಹೋಗಿ ಕೊಡಲಿ. ಅಲ್ಲಿ ಫೋಟೋ ಕೂಡ ಚೆನ್ನಾಗಿ ಬರುತ್ತದೆ. ಶಾಲಿನ ಬದಲು ನವಲಗುಂದದ ಸಣ್ಣ ಜಮಖಾನೆ ಕೊಟ್ಟರೆ ಮನೆಯಲ್ಲಿ ಬಳಕೆಗೆ ಬೀಳುತ್ತದೆ.

ಸ್ವಯಂಸೇವಕರು: ಎಷ್ಟು, ಎಲ್ಲಿಂದ

ನೋಂದಣಿಯಿಂದ ಎಣಿಕೆ ಶುರು ಮಾಡಿ. 250 ಮಂದಿಯೂ ಬೆಳಿಗ್ಗೆ ಎಂಟೂವರೆಯಿಂದ ಒಂಬತ್ತೂವರೆಯೊಳಗೆ ಬರುತ್ತಾರೆ. ಮುಂಗಡ ನೋಂದಾಯಿಸಿದವರಿಗೆ ಸಹಿ, ಚೀಲ, ಬ್ಯಾಡ್ಜು ಸೇರಿ ಒಂದೂವರೆ ನಿಮಿಷ ಬೇಕು. ಅಂದರೆ 375 ನಿಮಿಷದ ಕೆಲಸ ಅರವತ್ತು ನಿಮಿಷದಲ್ಲಿ ಆಗಬೇಕು, ಏಳು ಜನ ಬೇಕು. ಸ್ಥಳದಲ್ಲೇ ಹಣ ಕಟ್ಟುವವರಿಗೆ ಬೇರೆ ಮೇಜು, ಅಲ್ಲಿ ಸ್ವಯಂಸೇವಕರ ಬದಲು ಖಜಾಂಚಿಯೇ ಕೂರಬೇಕು. ಸಾಲುಗಳನ್ನು ಹೆಸರಿನ ಅಕ್ಷರದ ಮೇಲೆ ಹಂಚಬೇಡಿ. ಈ ಸೀಮೆಯಲ್ಲಿ ಪಾಟೀಲರ ಸಾಲು, ಹಿರೇಮಠರ ಸಾಲು ಗೇಟಿನವರೆಗೆ ಹೋಗುತ್ತವೆ, ಬೇರೆ ಮೇಜಿನವರು ನೊಣ ಹೊಡೆಯುತ್ತಾರೆ. ನೋಂದಣಿ ಸಂಖ್ಯೆಯ ಮೇಲೆ ಹಂಚಿ, ಸಂಖ್ಯೆಯನ್ನು ಹಿಂದಿನ ದಿನ ಎಸ್ಸೆಮ್ಮೆಸ್ ಮಾಡಿ.

ಮೂರು ಸಭಾಂಗಣಕ್ಕೆ ತಲಾ ನಾಲ್ವರು: ಬಾಗಿಲು, ಮೈಕು, ಕಂಪ್ಯೂಟರ್, ಗಡಿಯಾರ. ಸಾರಿಗೆಗೆ ಆರು, ವಸತಿಗೆ ನಾಲ್ಕು, ಮಳಿಗೆಗಳಿಗೆ ಮೂರು, ಪ್ರಥಮ ಚಿಕಿತ್ಸೆಗೆ ಎರಡು, ಫೋಟೋ-ವರದಿಗೆ ಮೂರು. ಊಟದ ಕೌಂಟರಿಗೆ ಎಂಟು ಬೇಕು, ಆದರೆ ಹತ್ತೂವರೆಗೆ ಕೈ ಖಾಲಿಯಾಗುವ ನೋಂದಣಿಯ ಏಳು ಜನರನ್ನು ಅಲ್ಲಿಗೆ ಕಳಿಸಿದರೆ ಹೊಸಬ ಒಬ್ಬ ಸಾಕು. ಒಟ್ಟು 38, ಬಾರದವರ ಬದಲಿಗೆ ಶೇ 15 ಸೇರಿಸಿ ಸುಮಾರು 45.

ಬಿ.ಎಸ್ಸಿ. ಕೃಷಿಯ ಅಂತಿಮ ವರ್ಷದವರನ್ನು ನೆಚ್ಚುವ ಮೊದಲು ಅವರ ಗ್ರಾಮೀಣ ಕಾರ್ಯಾನುಭವದ ವೇಳಾಪಟ್ಟಿ ನೋಡಿ. ಆ ಸೆಮಿಸ್ಟರಿನಲ್ಲಿ ಅವರು ಹಳ್ಳಿಯಲ್ಲಿರುತ್ತಾರೆ, ಆವರಣದಲ್ಲಲ್ಲ. ಎರಡು, ಮೂರನೇ ವರ್ಷದವರೇ ಸರಿ. ಗೋಷ್ಠಿಯ ವರದಿ ಬರೆಯಲು ಪಿಎಚ್‌.ಡಿ. ವಿದ್ಯಾರ್ಥಿಗಳು ಬೇಕು, ಪದವಿಯವರಿಗೆ ಚರ್ಚೆಯ ಎಳೆ ಸಿಗುವುದಿಲ್ಲ. ರಾಷ್ಟ್ರೀಯ ಸೇವಾ ಯೋಜನೆಯವರು ವರ್ಷಕ್ಕೆ 120 ಗಂಟೆ ಸೇವೆ ತುಂಬಬೇಕು. ಇದನ್ನು ಆ ಲೆಕ್ಕಕ್ಕೆ ಹಿಡಿಯಬಹುದೇ ಎಂದು ಕಾರ್ಯಕ್ರಮಾಧಿಕಾರಿಯಿಂದ ಮೊದಲೇ ಒಪ್ಪಿಗೆ ಪಡೆದರೆ ಅರ್ಧ ಕೆಲಸ ಮುಗಿಯಿತು. ಅತಿಥಿಗಳ ಜೊತೆಗಿರಲು ಧಾರವಾಡದಲ್ಲಿ ನೆಲೆಸಿರುವ ನಿವೃತ್ತ ಪ್ರಾಧ್ಯಾಪಕರನ್ನು ಕೇಳಿ. ಅವರಿಗೆ ಬಂದವರ ಮುಖ ಗೊತ್ತು. ಕ್ಷೇತ್ರ ಭೇಟಿ ಹುಲಕೋಟಿ ಅಥವಾ ಹನುಮನಮಟ್ಟಿ ಕೃಷಿ ವಿಜ್ಞಾನ ಕೇಂದ್ರಕ್ಕಾದರೆ ಅಲ್ಲಿನ ಸಿಬ್ಬಂದಿಯೇ ದಾರಿ ತೋರಲಿ, ಇಲ್ಲಿಂದ ಬಸ್ಸಿಗೊಬ್ಬರು ಸಾಕು.

ಗುಂಪಿನಲ್ಲಿ ಕರೆಯದೆ ಹಾಳೆಯಲ್ಲಿ ಹೆಸರು ಬರೆಸಿ: ಜಾಗ, ವೇಳೆ, ಮೇಲಿನವರ ಫೋನು. ಪಾಳಿ ನಾಲ್ಕು ಗಂಟೆ ಮೀರದಿರಲಿ. ಹಿಂದಿನ ದಿನ ಸಂಜೆ ನಿಂತು ಕೆಲಸ ಮಾಡುವ ಜಾಗಕ್ಕೇ ಕರೆದೊಯ್ದು ತೋರಿಸಿ. ಮೈಕಿನ ಸ್ವಿಚ್ಚು ಎಲ್ಲಿದೆ ಎಂದು ಕೈಯಿಟ್ಟು ನೋಡಿರಬೇಕು. ವಸತಿ ನಿಲಯದವರಿಗೆ ತಡವಾದರೆ ಒಳಬಿಡುವಂತೆ ವಾರ್ಡನ್ನರಿಗೆ ಪತ್ರ ಕೊಡಿ. ರಾತ್ರಿ ರೈಲಿಗೆ ಅತಿಥಿಗಳನ್ನು ಕರೆತರಲು ವಿದ್ಯಾರ್ಥಿನಿಯರನ್ನು ಕಳಿಸಬೇಡಿ, ಹುಡುಗರನ್ನೂ ಒಬ್ಬೊಬ್ಬರನ್ನಾಗಿ ಕಳಿಸಬೇಡಿ. ಹುಬ್ಬಳ್ಳಿಯಲ್ಲಿ ಇಳಿಯುವ ಪ್ರತಿನಿಧಿಗಳಿಗೆ ಚಿಗರಿ ಬಸ್ಸು ಧಾರವಾಡದವರೆಗೆ ಸಾಕು. ಅಲ್ಲಿಂದ ಎತ್ತಿನಗುಡ್ಡದ ಆವರಣಕ್ಕೆ ನಿಮ್ಮ ವಾಹನ ನಿಂತಿರಬೇಕು, ಆರು ಸಾರಿಗೆಯವರಲ್ಲಿ ಇಬ್ಬರು ಅಲ್ಲೇ.

ಸ್ವಯಂಸೇವಕರು ಎರಡನೇ ದಿನ ಬಾರದಿರಲು ದೊಡ್ಡ ಕಾರಣ ಊಟ. ಎಲ್ಲರದಾದ ಮೇಲೆ ಉಳಿದ ಚಿತ್ರಾನ್ನ ಕೊಟ್ಟರೆ ಮರುದಿನ ಫೋನು ಸ್ವಿಚ್ ಆಫ್. ಹನ್ನೆರಡೂಕಾಲಿಗೇ ಅವರಿಗೆ ಮೊದಲ ಪಂಕ್ತಿ ಹಾಕಿ. ಪ್ರಮಾಣಪತ್ರದಲ್ಲಿ 'ಸಕ್ರಿಯವಾಗಿ ಭಾಗವಹಿಸಿದ್ದಾರೆ' ಎಂಬ ಸವಕಲು ಸಾಲಿನ ಬದಲು ಮಾಡಿದ ಕೆಲಸ, ಗಂಟೆ ಬರೆಯಿರಿ. ಉದ್ಯೋಗದ ಅರ್ಜಿಗೆ ಅದು ಬೇಕಾಗುತ್ತದೆ.

ಮುಗಿದ ಮೇಲೆ

ಹದಿನೈದು ದಿನದೊಳಗೆ ಪ್ರತಿ ಪ್ರಾಯೋಜಕರಿಗೆ ಒಂದು ಲಕೋಟೆ: ರಸೀದಿ, ಅವರ ಹೆಸರು ಕಾಣುವ ಎರಡು-ಮೂರು ಫೋಟೋ, ಸಂಪುಟದ ಪ್ರತಿ, ಅವರ ಹಣ ಯಾವುದಕ್ಕೆ ಹೋಯಿತು ಎಂಬ ಒಂದು ಪುಟ. ಏರಿಯಾ ಮ್ಯಾನೇಜರ್ ತನ್ನ ಮೇಲಿನವರಿಗೆ ಲಗತ್ತಿಸುವುದು ಈ ಫೋಟೋಗಳನ್ನೇ. ಅವು ಇಲ್ಲದೆ ಬಿಲ್ಲು ಪಾಸಾಗದ ಕಂಪನಿಗಳೂ ಉಂಟು. ಅದಕ್ಕಾಗಿ ಫೋಟೋ ತೆಗೆಯುವ ಸ್ವಯಂಸೇವಕನಿಗೆ ಮಳಿಗೆಗಳ ಪಟ್ಟಿ ಮೊದಲೇ ಕೊಟ್ಟು, ಒಂದೊಂದಕ್ಕೂ ಟಿಕ್ ಹಾಕಿಸಿಕೊಳ್ಳಿ. ಚೀಲ 280ರಲ್ಲಿ 30 ಉಳಿದರೆ ಅದನ್ನೂ ಬರೆಯಿರಿ, ಯಾವ ಡಿಪ್ಲೊಮಾ ಕಾಲೇಜಿಗೆ ಕೊಟ್ಟಿರಿ ಎಂಬುದನ್ನೂ. ಬಾಕಿ ಇದ್ದವರಿಗೆ ಇದೇ ಲಕೋಟೆಯಲ್ಲಿ ಬಿಲ್ಲಿನ ಎರಡನೆಯ ಪ್ರತಿ ಇಡಿ. ಮಾರ್ಚ್ ದಾಟಿದರೆ ಆ ಹಣ ಹೊಸ ವರ್ಷದ ಬಜೆಟ್ಟಿಗೆ ಹೋಗುತ್ತದೆ, ಆಮೇಲೆ ವಸೂಲಿ ಕಷ್ಟ.